ನಮ್ಮ ಸೊಸೆ ಮಾಡಿದ ಜೆಟ್ ವಿಮಾನದ ಕುರಿತು

ಹೇಳಿಕೆ ಕೊಡುವವರು: ಶ್ರೀಮತಿ ವಸಂತಿ ವಿಷ್ಣುಮೂರ್ತಿ ಉಪಾಧ್ಯ. ವಯಸ್ಸು: 58 ವರ್ಷ. ಉದ್ಯೋಗ: ಗಂಡನ ಜೊತೆ ಸಸ್ಯಾಹಾರಿ ಹೋಟೆಲು ನಡೆಸುವುದು. ಮೂಲ: ಉಡುಪಿ ಜಿಲ್ಲೆ, ಬಾರಕೂರು. ಈಗಿನ ವಾಸ: ಹೋಟೆಲು ಇರುವ ಕಟ್ಟಡದ ಎರಡನೇ ಮಾಳಿಗೆ, ಡೊಂಬಿವಲಿ ಪೂರ್ವ, ಜಿಲ್ಲೆ ಥಾಣೆ.

ಮೇಲೆ ಹೆಸರಿಸಿದ ನಾನು ಈ ದಿನ ಪೊಲೀಸ್ ಠಾಣೆಗೆ ಖುದ್ದಾಗಿ ಬಂದು, ಯಾರ ಒತ್ತಾಯವೂ ಇಲ್ಲದೆ, ಆದರೆ ಸಾಕಷ್ಟು ಸಿಟ್ಟಿನಿಂದ, ಬರೆದು ತಿಳಿಯಪಡಿಸುವುದು ಹೀಗಿದೆ.

ನನಗೆ ಮರಾಠಿ ಮಾತಾಡಲು ಬರುತ್ತದೆ, ಬರೆಯುವ ರೂಢಿಯಿಲ್ಲ. ಆದ್ದರಿಂದ ಪಿಎಸ್‌ಐ ಮೇಡಂ ಕನ್ನಡದಲ್ಲೇ ಬರೆದುಕೊಡಿ ಎಂದರು. ಇಲ್ಲಿಯ ಹವಾಲ್ದಾರ್ ಬಿರಾಜದಾರ ಅವರು ಅಕ್ಕಲಕೋಟೆ ಕಡೆಯವರು. ಕನ್ನಡ ಓದಿ ಮರಾಠಿಗೆ ಮಾಡಿಕೊಡುತ್ತಾರೆ. ಅವರು ಪಕ್ಕದ ಕುರ್ಚಿಯಲ್ಲೇ ಕುಳಿತು, "ಅಕ್ಕಾರ, ಆಗಿದ್ದಷ್ಟು ಬರೀರಿ. ಮನಸ್ಸಿನಾಗ ಬಂದದ್ದೆಲ್ಲಾ ಬ್ಯಾಡ" ಎಂದಿದ್ದಾರೆ. ಆದಷ್ಟು ಪ್ರಯತ್ನಿಸುತ್ತೇನೆ.

ವಿಷಯ ಇಷ್ಟು. ನಮ್ಮ ಸೊಸೆ ಅಪರ್ಣಾ ಮಾಡಿದ ಜೆಟ್ ವಿಮಾನ ಇಂದು ಮಧ್ಯಾಹ್ನದಿಂದ ಈ ಠಾಣೆಯ ಮೇಜಿನ ಮೇಲಿದೆ. ಅದರ ಮೂಗಿಗೆ "ಸಂಶಯಾಸ್ಪದ ವಸ್ತು" ಎಂಬ ಚೀಟಿ ಅಂಟಿಸಿದ್ದಾರೆ. ಅದು ಏನು, ಏಕೆ ಅದರಿಂದ ಬೆಂಕಿ ಬಂತು ಎಂಬುದನ್ನು ಮನೆಯ ಹಿರಿಯರೊಬ್ಬರು ಸರಿಯಾಗಿ ಬರೆದುಕೊಟ್ಟರೆ ಇಂದೇ ಬಿಟ್ಟುಕೊಡುವ ವಿಚಾರ ಮಾಡಬಹುದು, ಇಲ್ಲವಾದರೆ ಮುದ್ದೆಮಾಲಿನ, ಅಂದರೆ ಜಪ್ತಿ ಮಾಡಿದ ಸಾಮಾನಿನ, ಕೋಣೆಗೆ ಹೋಗುತ್ತದೆ ಎಂದು ಮೇಡಂ ಹೇಳಿದ್ದಾರೆ. ಆ ಕೋಣೆಯನ್ನು ನಾನು ಬಾಗಿಲಿನಿಂದಲೇ ನೋಡಿದೆ. ಸ್ಕೂಟರುಗಳ ಮೇಲೆ ಗೋಣಿಚೀಲ, ಚೀಲಗಳ ಮೇಲೆ ಮುರಿದ ಪಂಖ. ಫೋಮಿನ ವಿಮಾನ ಅಲ್ಲಿ ನಾಲ್ಕು ದಿನ ಇದ್ದರೆ ಇಲಿ ಕಡಿಯುತ್ತದೆ ಅಥವಾ ಮೇಲೇನಾದರೂ ಬಿದ್ದು ರೆಕ್ಕೆ ಮುರಿಯುತ್ತದೆ. ಅದಾಗಲು ನಾನು ಬಿಡುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಅಪರ್ಣಾ ಮೈಸೂರಿನವಳು. ಐರೋಲಿಯ ಒಂದು ಫೈನಾನ್ಸ್ ಕಂಪನಿಯಲ್ಲಿ ಕೆಲಸ. ನನ್ನ ಮಗ ಅಭಿಜಿತ್‌ನನ್ನು ಮದುವೆಯಾಗಿ ಆರು ವರ್ಷವಾಯಿತು. ಬರುವಾಗ ಎರಡು ಪೆಟ್ಟಿಗೆ ಸೀರೆ, ನಾಲ್ಕು ಪೆಟ್ಟಿಗೆ ವಿಮಾನ ತಂದಳು. ರಿಮೋಟಿನಿಂದ ಹಾರಿಸುವ ಮಾದರಿ ವಿಮಾನಗಳು. ಚಿಕ್ಕಂದಿನಿಂದ ಅವಳಿಗೆ ಅದೇ ಹುಚ್ಚು. ಹುಳಿಗೆ ತೆಂಗಿನಕಾಯಿ ಹಾಕುವಾಗ ಅವಳ ಕೈ ಸ್ವಲ್ಪ ಬಿಗಿ, ಆದರೆ ಅದು ಬೇರೆ ಕೇಸು. ಈ ಸಾಲನ್ನು ಹೊಡೆದುಹಾಕಿ ಎಂದು ಹವಾಲ್ದಾರರು ಹೇಳಿದರು. ಇರಲಿ ಎಂದೆ.

ಮೇಜಿನ ಮೇಲಿರುವ ವಿಮಾನದ ಉದ್ದ ಐದು ಅಡಿ, ರೆಕ್ಕೆ ತುದಿಯಿಂದ ತುದಿಗೆ ನಾಲ್ಕೂವರೆ ಅಡಿ. ಫೋಮ್ ಎಂದರೆ ಟಿವಿಯ ಪೆಟ್ಟಿಗೆಯಲ್ಲಿ ಬರುವ ಥರ್ಮಾಕೋಲಿನ ದಾಯಾದಿ, ಅದಕ್ಕಿಂತ ಸ್ವಲ್ಪ ಗಟ್ಟಿ. ಅಂಗಡಿಯಿಂದ ಬಂದಾಗ ಇದರ ಹೊಟ್ಟೆಯಲ್ಲಿ ಬ್ಯಾಟರಿಯಿಂದ ತಿರುಗುವ ಫ್ಯಾನು ಇತ್ತು. "ನೋಡೋಕೆ ಜೆಟ್ಟು, ಒಳಗೆ ಟೇಬಲ್ ಫ್ಯಾನು. ನಂಗೇ ನಾಚಿಕೆ ಆಗುತ್ತೆ ಅತ್ತೆ" ಎಂದು ಅಪರ್ಣಾ ಹೇಳುತ್ತಿದ್ದಳು. ಕಳೆದ ವರ್ಷ ಚೌತಿ ಮುಗಿದ ಮೇಲೆ ಆ ಫ್ಯಾನನ್ನು ಕಿತ್ತು ನಿಜವಾದ ಟರ್ಬೈನ್ ಇಂಜಿನ್ನು ಕೂರಿಸುವುದೆಂದು ನಿಶ್ಚಯಿಸಿದಳು. ಟರ್ಬೈನ್ ಎಂದರೆ ಮನೆಯ ಕಾಫಿ ಫಿಲ್ಟರಿನಷ್ಟು ದೊಡ್ಡದು. ಮುಂದಿನಿಂದ ಗಾಳಿ ಎಳೆದುಕೊಳ್ಳುತ್ತದೆ, ಒಳಗೆ ಡೀಸೆಲ್ ಉರಿಯುತ್ತದೆ, ಹಿಂದಿನಿಂದ ಬಿಸಿ ಗಾಳಿ ನುಗ್ಗುತ್ತದೆ, ಆ ನೂಕಿಗೆ ವಿಮಾನ ಮುಂದೆ ಓಡುತ್ತದೆ. ದೊಡ್ಡ ವಿಮಾನದ್ದೂ ಇದೇ ಕಥೆ. ಇದರಲ್ಲಿ ಬಾಂಬಿಲ್ಲ, ಮದ್ದಿಲ್ಲ, ಮಣ್ಣೂ ಇಲ್ಲ.

ಟಿಟ್ವಾಳಾದ ಆಚೆ ಒಂದು ಖಾಸಗಿ ಬಯಲಿನಲ್ಲಿ ಭಾನುವಾರ ಭಾನುವಾರ ಇಂಥ ವಿಮಾನ ಹಾರಿಸುವವರ ಒಂದು ಗುಂಪಿದೆ. ಹನ್ನೆರಡು ಜನ ಗಂಡಸರು, ಒಬ್ಬಳು ಅಪರ್ಣಾ. ಅವರಲ್ಲಿ ಹಿರಿಯರು ಶ್ರೀನಿ ಎಂಬವರು, ಬೆಂಗಳೂರು ಕಡೆಯವರು, ನವಿ ಮುಂಬಯಿಯಲ್ಲಿ ಐಟಿ ಕೆಲಸ. ಅಪರ್ಣಾ ತನ್ನ ವಿಚಾರ ಹೇಳಿದ ದಿನ ಆ ಶ್ರೀನಿಯವರು ಎಲ್ಲರ ಎದುರು, "ಥರ್ಮಾಕೋಲ್‌ಗೆ ಬೆಂಕಿ ಕಟ್ತೀಯೇನಮ್ಮಾ? ಪ್ಲೇನೂ ಕರಗುತ್ತೆ, ಇಂಜಿನ್ನೂ ಹೋಗುತ್ತೆ. ಸುಮ್ನೆ ಫ್ಯಾನೇ ಇಟ್ಕೋ" ಎಂದರಂತೆ. ಉಳಿದವರು ನಕ್ಕರಂತೆ. ಅವಳು ಮನೆಗೆ ಬಂದು ಊಟಕ್ಕೆ ಕೂತು ಅನ್ನವನ್ನು ಬರೀ ಕಲಸುತ್ತಿದ್ದಳು, ಬಾಯಿಗೆ ಹೋಗಲಿಲ್ಲ.

ನಿಜ ಹೇಳುವುದಾದರೆ ಅದಕ್ಕೆ ಎರಡು ದಿನ ಮುಂಚೆ ನಾನೂ ಅದನ್ನೇ ಹೇಳಿದ್ದೆ. "ನಿಂಗೆ ಬೇರೆ ಎಂತದೂ ಕೆಲಸ ಇಲ್ವಾ ಮಾರಾಯ್ತಿ?" ಎಂದು ಕೇಳಿದ್ದೆ. ಆದರೆ ನಾನು ಹೇಳುವುದು ಬೇರೆ, ಆ ಶ್ರೀನಿ ಹೇಳುವುದು ಬೇರೆ. ನಮ್ಮ ಮನೆಯವಳಿಗೆ ಬೈಯುವ ಹಕ್ಕು ನನ್ನದು, ಊರವರದ್ದಲ್ಲ. "ಮಾಡು. ಅವರ ಕಣ್ಣೆದುರೇ ಹಾರಿಸು. ಎಂತ ಬೇಕು ಹೇಳು" ಎಂದೆ. ನನ್ನ ಯಜಮಾನರು ವಿಷ್ಣುಮೂರ್ತಿಯವರು ಎಂದಿನಂತೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಹಾರಿದರೂ ಒಳ್ಳೆಯದು ಹಾರದಿದ್ದರೂ ಒಳ್ಳೆಯದು ಎಂದರು.

ಫೋಮು ಕರಗದಂತೆ ಮಾಡುವುದೇ ಮುಖ್ಯ ಕೆಲಸವಾಗಿತ್ತು. ಇಂಜಿನ್ನಿನಿಂದ ಬಾಲದವರೆಗೆ ಬಿಸಿ ಗಾಳಿ ಹೋಗಲು ತೆಳು ಸ್ಟೀಲಿನ ಕೊಳವೆ ಬೇಕು. ಥಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನಮ್ಮ ಹೋಟೆಲಿನ ಇಡ್ಲಿ ಸ್ಟೀಮರು, ಹೊಗೆ ಕೊಳವೆ ಮಾಡಿಕೊಡುವ ಚೆನ್ನಯ ಎಂಬವರ ಶೆಡ್ಡಿದೆ. ಬೆಳ್ಮಣ್ಣಿನವರು, ಇಪ್ಪತ್ತು ವರ್ಷದ ಪರಿಚಯ. ಅವಳ ಚಿತ್ರ ನೋಡಿ ಅವರು, "ಅಪರ್ಣಕ್ಕ, ಇದು ಕಾಗದದಷ್ಟು ತೆಳು ಉಂಟಲ್ಲ. ನಾನು ಚೊಂಬು ಮಾಡುವವ, ಚಿನಿವಾರ ಅಲ್ಲ" ಎಂದು ನಗೆಯಾಡಿದರು. ಮೊದಲ ಕೊಳವೆ ಮಾಡಿ, ಅದರ ಸುತ್ತ ಫೋಮಿನ ತುಂಡು ಕಟ್ಟಿ, ಒಳಗೆ ಬಿಸಿ ಗಾಳಿ ಬಿಟ್ಟು ನೋಡಿದರು. ಬಿಸಿ ದೋಸೆಯ ಮೇಲೆ ಬೆಣ್ಣೆ ಇಟ್ಟ ಹಾಗೆ ಕರಗಿ ಕೆಳಗೆ ಇಳಿಯಿತು. ನಾನು ಅಲ್ಲೇ ಇದ್ದೆ. "ಆಯ್ತು ಬಿಡು, ಅವರು ಹೇಳಿದ್ದೇ ಸರಿ" ಎಂದು ಅವಳು ಹೇಳುತ್ತಾಳೆ ಅಂದುಕೊಂಡೆ. ಅವಳು ಕರಗಿದ ತುಂಡನ್ನು ಬೆರಳಿನಲ್ಲಿ ಒತ್ತಿ ನೋಡಿ, "ಎಲ್ಲಿ ಕರಗಿದೆ ಅಂತ ಗೊತ್ತಾಯ್ತಲ್ಲ, ಒಳ್ಳೇದೇ ಆಯ್ತು" ಎಂದಳು. ಮುಂದಿನ ವಾರ ಕೊಳವೆಯೊಳಗೆ ಕೊಳವೆ ಮಾಡಿಸಿದಳು. ನಡುವೆ ಅರ್ಧ ಇಂಚು ಸಂದು. ವಿಮಾನದ ಹೊಟ್ಟೆಯಿಂದ ತಂಪು ಗಾಳಿ ಆ ಸಂದಿನಲ್ಲಿ ಹರಿದು ಹಿಂದಿನಿಂದ ಹೊರಟುಹೋಗುತ್ತದೆ. ಮತ್ತೆ ಫೋಮು ಕಟ್ಟಿ ನೋಡಿದರು, ಈ ಸಲ ಬಣ್ಣವೂ ಬದಲಾಗಲಿಲ್ಲ. ಚೆನ್ನಯ ಚಹಾ ತರಿಸಿದರು.

ಅದಾದ ಮೇಲೆ ತೂಕದ ರಾಮಾಯಣ. ಮೂಗಿನಲ್ಲಿದ್ದ ಭಾರದ ಬ್ಯಾಟರಿ ತೆಗೆದದ್ದರಿಂದ ವಿಮಾನ ಬಾಲದ ಕಡೆ ವಾಲುತ್ತಿತ್ತು. ರೆಕ್ಕೆಯ ಕೆಳಗೆ ಎರಡು ಗುರುತು ಹಾಕಿ, ಅಲ್ಲಿ ಎರಡು ಬೆರಳಿಟ್ಟು ಎತ್ತಿದರೆ ಮೂಗು ಒಂದು ಚೂರು ಕೆಳಗೆ ಬಾಗಬೇಕು, ಹೆಚ್ಚೂ ಅಲ್ಲ ಕಡಿಮೆಯೂ ಅಲ್ಲ. ಡೀಸೆಲ್ ಟ್ಯಾಂಕು ಸರಿಯಾಗಿ ಆ ಗುರುತಿನ ಮೇಲೆಯೇ ಕೂರಬೇಕು, ಇಲ್ಲದಿದ್ದರೆ ಎಣ್ಣೆ ಖಾಲಿಯಾದಂತೆ ತೂಕ ಸರಿಯುತ್ತದೆ. ಎತ್ತುವ ಬೆರಳು ನನ್ನದು, ಕೆಳಗೆ ಕೂತು ನೋಡುವ ಕಣ್ಣು ಅವಳದ್ದು. "ಇನ್ನೊಂದ್ಸಲ ಅತ್ತೆ", "ಇನ್ನೊಂದೇ ಸಲ ಅತ್ತೆ". ಡಿಸೆಂಬರ್ ಪೂರ್ತಿ ನಮ್ಮ ಮನೆಯಲ್ಲಿ ಇದೇ ಮಂತ್ರ. ನನ್ನ ಬೆರಳು ಜೋಮು ಹಿಡಿಯಿತು. ಕೊನೆಗೆ ಒಂದು ಸಂಜೆ ಮೂಗು ತಾನಾಗಿ ಬಾಗಿ ನಿಂತಿತು, ಇಬ್ಬರೂ ಉಸಿರು ಬಿಗಿಹಿಡಿದು ಒಬ್ಬರ ಮುಖ ಒಬ್ಬರು ನೋಡಿದೆವು.

ಇನ್ನು ಬೆಂಕಿಯ ವಿಚಾರ. ಇದನ್ನು ಮೇಡಂ ಗಮನವಿಟ್ಟು ಓದಿಸಿಕೊಳ್ಳಬೇಕು. ದಿನಾಂಕ 14ರಂದು ಬುಧವಾರ, ಮಕರ ಸಂಕ್ರಾಂತಿ. ಒಳ್ಳೆಯ ದಿನವೆಂದು ಇಂಜಿನ್ನನ್ನು ಮೊದಲ ಸಲ ಶುರು ಮಾಡುವುದೆಂದು ಗೊತ್ತುಮಾಡಿದ್ದೆವು. ಸ್ಥಳ ನಮ್ಮ ಹೋಟೆಲಿನ ಹಿಂದಿನ ಅಂಗಳ. ಅದು ಹೋಟೆಲಿನ ಕರಾರಿನಲ್ಲೇ ಸೇರಿದೆ, ಕಟ್ಟಡದ ಮನೆಯವರ ಸೊಸೈಟಿಯದ್ದಲ್ಲ. ಅಲ್ಲಿ ನಮ್ಮ ಜನರೇಟರ್ ಇದೆ, ಅದರ ಡೀಸೆಲ್ ಕ್ಯಾನು ಇದೆ. ಬೆಳಗಿನ ತಿಂಡಿಯ ಗಡಿಬಿಡಿ ಮುಗಿದ ಮೇಲೆ, ಹನ್ನೊಂದು ಗಂಟೆಗೆ, ವಿಮಾನವನ್ನು ಒಂದು ಸ್ಟೂಲಿಗೆ ಬಿಗಿಯಾಗಿ ಕಟ್ಟಿ ಇಟ್ಟೆವು. ಯಜಮಾನರು ಹೋಟೆಲಿನ ಬೆಂಕಿ ಆರಿಸುವ ಸಿಲಿಂಡರು ಹಿಡಿದು ನಿಂತರು. ಅಪರ್ಣಾ ಮುಂದಿನ ಗಾಳಿಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಇಂಜಿನ್ನು ಶುರು ಮಾಡಲು ಬೇಕಾದ, ಮರೆತ ಸಣ್ಣ ಬ್ಯಾಟರಿ ತರಲು ಮೇಲೆ ಹೋದಳು.

ನಮ್ಮ ಹೋಟೆಲಿನಲ್ಲಿ ಹೊಸ ಗ್ರೈಂಡರು ಬಂದರೂ, ಹೊಸ ಬಾಯ್ಲರು ಬಂದರೂ ಪೂಜೆ ಮಾಡದೆ ಸ್ವಿಚ್ಚು ಹಾಕುವ ಕ್ರಮವಿಲ್ಲ. ನನ್ನ ಅತ್ತೆಯ ಕಾಲದಿಂದ ಇಲ್ಲ. ಅಂಥಾದ್ದರಲ್ಲಿ ಮನೆಗೆ ಜೆಟ್ ಇಂಜಿನ್ನು ಬಂದಿದೆ. ಅವಳು ಬರುವಷ್ಟರಲ್ಲಿ ನಾನು ವಿಮಾನಕ್ಕೆ ಅರಶಿನ ಕುಂಕುಮ ಇಟ್ಟು, ದಾಸವಾಳ ಇಟ್ಟು, ಕರ್ಪೂರದ ಆರತಿಯನ್ನು ದೂರದಿಂದಲೇ ಮಾಡಿ, ಕಾಯಿ ಒಡೆದು, ಗಣಪತಿಯನ್ನು ನೆನೆದು ಮೂರು ಸಲ ಅಕ್ಷತೆ ಹಾಕಿದೆ. ಎಲ್ಲಿ ಹಾಕಿದೆ ಎಂದರೆ ಮುಖಕ್ಕೆ. ದೇವರಿಗೆ ಆಗಲಿ ಮದುಮಕ್ಕಳಿಗೆ ಆಗಲಿ ಅಕ್ಷತೆಯನ್ನು ಬೆನ್ನಿಗೆ ಹಾಕುತ್ತಾರೆಯೇ? ವಿಮಾನದ ಮುಖದಲ್ಲಿ ಎರಡು ದೊಡ್ಡ ಹೊಳ್ಳೆಗಳಿವೆ. ಅಕ್ಕಿ ಅಲ್ಲಿಂದ ಒಳಗೆ ಇಳಿದದ್ದು ನನಗೆ ತಿಳಿಯಲಿಲ್ಲ.

ಅಪರ್ಣಾ ಬಂದು, ಹೂವು ತೆಗೆದು, ನಮಸ್ಕಾರ ಮಾಡಿ, ರಿಮೋಟಿನಿಂದ ಶುರು ಮಾಡಿದಳು. ಕಲ್ಲು ಇರುವ ಅಕ್ಕಿ ಗ್ರೈಂಡರಿಗೆ ಬಿದ್ದ ಹಾಗೆ ಕರಕರ ಸದ್ದು ಬಂತು. ಇಂಜಿನ್ನು ತಿರುಗಲಿಲ್ಲ, ಡೀಸೆಲ್ ಮಾತ್ರ ಒಳಗೆ ಸೇರಿತು. ಎರಡನೇ ಸಲ ಪ್ರಯತ್ನಿಸಿದಾಗ ಆ ಸೇರಿದ ಡೀಸೆಲ್ಲಿಗೆ ಬೆಂಕಿ ಹತ್ತಿ ಬಾಲದಿಂದ ಸುಮಾರು ಮೂರು ಅಡಿ ಜ್ವಾಲೆ ಬಂತು. ಅಯ್ಯೋ ದೇವರೇ ಎಂದು ನಾನು ಕಿರುಚಿದೆ. ಅಪರ್ಣಾ ಕಿರುಚಲಿಲ್ಲ. ಎಣ್ಣೆ ನಿಲ್ಲಿಸಿ, "ಮಾವ, ಮುಂದಿನಿಂದ ಹೊಡೀರಿ" ಎಂದಳು. ಯಜಮಾನರು ಸಿಲಿಂಡರಿನ ಗಾಳಿ ಹೊಡೆದರು. ಬೆಂಕಿ ಆರಿತು. ಯಾರಿಗೂ ಒಂದು ರೋಮವೂ ಸುಡಲಿಲ್ಲ. ಅಷ್ಟು ಬೆಂಕಿ ಬಂದರೂ ಆ ಜೋಡಿ ಕೊಳವೆಯ ಪುಣ್ಯದಿಂದ ಫೋಮು ಹಾಗೆಯೇ ಇತ್ತು, ಸ್ವಲ್ಪ ಮಸಿ ಬಿಟ್ಟರೆ. ಆದರೆ ಅಂಗಳದ ಮೇಲಿನ ಒಂದನೇ ಮಾಳಿಗೆಯ ಬಾಲ್ಕನಿಯಲ್ಲಿ ನಮ್ಮ ಸೊಸೈಟಿಯ ಸೆಕ್ರೆಟರಿ ದಾಮಲೆಯವರು ಇದ್ದರು. ಅವರು "ರಾಕೆಟ್! ರಾಕೆಟ್!" ಎಂದು ಕೂಗುತ್ತ ಮೊಬೈಲಿನಲ್ಲಿ ವಿಡಿಯೋ ತೆಗೆದುಕೊಂಡರು. ಠಾಣೆಗೆ ಬಂದಿರುವ ವಿಡಿಯೋ ಅದೇ.

ಊಟದ ಮೇಜಿನ ಮೇಲೆ ಪೇಪರು ಹಾಸಿ ಅವಳು ಇಂಜಿನ್ನು ಬಿಚ್ಚಿದಳು. ಹುಬ್ಬು ತೆಗೆಯುವ ಚಿಮಟದಿಂದ ಒಂದೊಂದಾಗಿ ಹೊರಗೆ ತೆಗೆದಳು. ಹಳದಿ ಅಕ್ಕಿ. "ಅತ್ತೆ, ಇದೇನಿದು?" ಎಂದಳು. ನನಗೆ ನೆಲ ಬಾಯಿಬಿಡಬಾರದೇ ಎನಿಸಿತು. ನಾಲ್ಕು ತಿಂಗಳು ರಜೆಯ ದಿನವೆಲ್ಲ ಕೂತು ಮಾಡಿದ್ದನ್ನು ನಾನು ಒಂದು ಹಿಡಿ ಅಕ್ಕಿಯಲ್ಲಿ ಕೆಡಿಸಿದೆ ಎಂದು ಅಳು ಬಂತು. ಅವಳು ಒಳಗಿನ ಚಕ್ರವನ್ನು ಬೆರಳಿನಿಂದ ತಿರುಗಿಸಿದಳು, ದೀಪಕ್ಕೆ ಹಿಡಿದಳು, ಮತ್ತೆ ತಿರುಗಿಸಿದಳು. ಒಂದು ಗೀರೂ ಇರಲಿಲ್ಲ. ಆಮೇಲೆ ನಗಲು ಶುರು ಮಾಡಿದವಳು ನಿಲ್ಲಿಸಲಿಲ್ಲ, ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತಳು. "ಪೂಜೆ ಬೇಡ ಅನ್ನಲ್ಲ ಅತ್ತೆ. ಆದ್ರೆ ಅಕ್ಷತೆ ಮಾತ್ರ ನನ್ ತಲೆ ಮೇಲೆ ಹಾಕಿ" ಎಂದಳು. ಹಾಕಿದೆ. ನಾನೂ ನಕ್ಕೆ.

ಇಂದು ಮಧ್ಯಾಹ್ನ ಇದೇ ಠಾಣೆಯಲ್ಲಿ ಬೆಂಕಿ ಏಕೆ ಬಂತು ಎಂದು ಕೇಳಿದಾಗ ಅವಳು, ಶುರು ಮಾಡುವಾಗ ತನ್ನಿಂದಲೇ ತಪ್ಪಾಯಿತು ಎಂದು ಹೇಳಿದಳಂತೆ. ಅಕ್ಷತೆಯ ಸುದ್ದಿಯನ್ನೇ ಎತ್ತಲಿಲ್ಲ. ಅತ್ತೆಯ ಮಾನ ಕಾಯಲು ಹೊರಟಿದ್ದಾಳೆ! ಅದು ಸುಳ್ಳು, ನಾನು ಬರೆದದ್ದು ನಿಜ. ಬೇಕಾದರೆ ಅಕ್ಕಿ ಡಬ್ಬಿಯಲ್ಲಿದೆ, ತಂದುಕೊಡುತ್ತೇನೆ.

ದಿನಾಂಕ 18, ಅಂದರೆ ಇಂದು ಭಾನುವಾರ, ಬೆಳಿಗ್ಗೆ ಆರೂವರೆಗೆ ನಾನು, ಅಪರ್ಣಾ, ಅಭಿಜಿತ್ ಮೂವರು ಹೋಟೆಲಿನ ಟೆಂಪೋದಲ್ಲಿ ವಿಮಾನವನ್ನು ಹಾಕಿಕೊಂಡು ಹೊರಟೆವು. ಟಿಟ್ವಾಳಾದಲ್ಲಿ ಗಣಪತಿ ದರ್ಶನ ಮಾಡಿ, ಅಲ್ಲಿಂದ ಸುಮಾರು ಏಳು ಕಿಲೋಮೀಟರ್ ದೂರದ ಬಯಲಿಗೆ ಹೋದೆವು. ಜಾಗದ ಮಾಲೀಕರ ಒಪ್ಪಿಗೆ ಮತ್ತು ಬೇಕಾದ ಕಾಗದಗಳನ್ನು ಅಪರ್ಣಾ ಇಲ್ಲಿ ಪಿಎಸ್‌ಐ ಮೇಡಂ ಅವರಿಗೆ ಒಪ್ಪಿಸಿದ್ದಾಳೆ. ಗುಂಪಿನ ಹನ್ನೆರಡು ಜನವೂ ಬಂದಿದ್ದರು. ಕರಗುವುದನ್ನು ನೋಡಲು ಬಂದದ್ದು ಎಂದು ನನ್ನ ಅನುಮಾನ. ಇದು ಮನಸ್ಸಿನಲ್ಲಿದ್ದದ್ದು, ಆಗಿದ್ದಲ್ಲ ಎಂದು ಹವಾಲ್ದಾರರು ಎಚ್ಚರಿಸಿದರು. ಸರಿ, ಅವರು ಬಂದಿದ್ದರು.

ಈ ಸಲ ಸಿಲಿಂಡರು ಹಿಡಿದು ನಿಂತವಳು ನಾನು. ಶುರು ಮಾಡಿದಾಗ ಮೊದಲು ಸಣ್ಣ ಸೀಟಿ ಬಂತು, ಸೀಟಿ ಏರಿತು, ಒಳಗೆ ಬೆಂಕಿ ಹತ್ತಿದ ಗುಡುಗು ಕೇಳಿತು, ಆಮೇಲೆ ನಿಜವಾದ ಜೆಟ್ಟಿನ ಸದ್ದು. ಅಬ್ಬಾ! ವಿಮಾನ ನಿಲ್ದಾಣದ ಹತ್ತಿರ ನಿಂತರೆ ಎದೆಯಲ್ಲಿ ನಡುಗುತ್ತದಲ್ಲ, ಅದೇ. ಬಾಲದ ಹಿಂದಿನ ಹುಲ್ಲು ಮಲಗಿತು. ಶ್ರೀನಿಯವರು ಬಗ್ಗಿ ಬಾಲದ ಫೋಮನ್ನೇ ನೋಡುತ್ತಿದ್ದರು. ನಾನೂ ನೋಡಿದೆ. ಏನೂ ಆಗಲಿಲ್ಲ.

ಒಂಬತ್ತು ನಲವತ್ತರ ಹತ್ತಿರ ಓಡಲು ಬಿಟ್ಟಳು. ನೂರು ಮೀಟರೂ ಓಡಲಿಲ್ಲ, ಮೂಗೆತ್ತಿತು, ನೆಲ ಬಿಟ್ಟಿತು. ಚಕ್ರಗಳನ್ನು ಹೊಟ್ಟೆಯೊಳಗೆ ಎಳೆದುಕೊಂಡು ಬೆಟ್ಟದ ಕಡೆ ಏರಿತು. ನಾನು ಎರಡು ಬೆರಳಿನಲ್ಲಿ ಎತ್ತಿ ಹಿಡಿದಿದ್ದ ವಸ್ತು ಆಕಾಶದಲ್ಲಿ ಓರೆಯಾಗಿ ತಿರುಗುತ್ತಿತ್ತು, ಬಿಸಿಲು ರೆಕ್ಕೆಯ ಮೇಲೆ ಹೊಳೆಯುತ್ತಿತ್ತು. ಅಪರ್ಣಾಳ ಕಣ್ಣು ಅದರ ಮೇಲೆ, ಹೆಬ್ಬೆರಳು ರಿಮೋಟಿನ ಮೇಲೆ. ಅವಳ ಮುಖವನ್ನು ನಾನು ಹಾಗೆ ಎಂದೂ ನೋಡಿರಲಿಲ್ಲ.

ಎರಡನೇ ಸುತ್ತಿನಲ್ಲಿ ಸದ್ದು ಒಮ್ಮೆಲೇ ಇಳಿಯಿತು. ವಿಮಾನ ಬಯಲಿನ ಆ ತುದಿಯಲ್ಲಿ ಕೆಳಗೆ ಕೆಳಗೆ ಬರತೊಡಗಿತು. ಶ್ರೀನಿಯವರು, "ಹೋಯ್ತು, ಇಂಜಿನ್ ನಿಂತೋಯ್ತು. ನಾನ್ ಹೇಳ್ಲಿಲ್ವಾ" ಎಂದರು. ನಾನು ಸಿಲಿಂಡರಿನ ಪಿನ್ನು ಕೀಳಲು ಹೊರಟೆ. ಅಪರ್ಣಾ ತಲೆ ತಿರುಗಿಸದೆಯೇ, "ನಿಂತಿಲ್ಲ ಸರ್. ನಾನೇ ಇಳಿಸಿದ್ದು. ಹತ್ತಿರದಿಂದ ತೋರಿಸೋಣ ಅಂತ" ಎಂದಳು. ಹಾಗೆಂದು ಹೆಬ್ಬೆರಳನ್ನು ಮುಂದೆ ಒತ್ತಿದಳು. ವಿಮಾನ ನಮ್ಮೆಲ್ಲರ ಎದುರಿಗೆ, ಎರಡು ಆಳೆತ್ತರದಲ್ಲಿ, ಬಯಲಿನ ಉದ್ದಕ್ಕೆ ಗರ್ಜಿಸುತ್ತ ಹಾದು ನೇರ ಮೇಲಕ್ಕೆ ಹೋಯಿತು. ಹನ್ನೆರಡು ಗಂಡಸರೂ ಹುಡುಗರ ಹಾಗೆ ಕೂಗಿದರು. ಶ್ರೀನಿಯವರ ಟೋಪಿ ಕೆಳಗೆ ಬಿದ್ದದ್ದು ಅವರಿಗೇ ಗೊತ್ತಾಗಲಿಲ್ಲ. ನಾನು ಅತ್ತುಬಿಟ್ಟೆ. ಬಿಟ್ಟು ಬರೆಯಿರಿ ಎನ್ನಬೇಡಿ ಹವಾಲ್ದಾರರೇ, ಇದು ಆಗಿದ್ದು.

ಇಳಿದ ಕೂಡಲೇ ಶ್ರೀನಿಯವರು ಓಡಿಹೋಗಿ ಬಾಲವನ್ನು ಮುಟ್ಟಿ ನೋಡಿದರು. ನಾನೂ ಮುಟ್ಟಿದೆ. ಊಟದ ಡಬ್ಬಿಯ ಮುಚ್ಚಳ ಇದಕ್ಕಿಂತ ಬಿಸಿ ಇರುತ್ತದೆ. ಅವರು ಅಪರ್ಣಾಳ ಹತ್ತಿರ ಬಂದು, "ನನ್ನದೇ ತಪ್ಪು ಕಣಮ್ಮ. ಆ ಕೊಳವೆ ಹೇಗ್ ಮಾಡ್ದೆ, ನಮಗೂ ಹೇಳ್ಕೊಡು" ಎಂದರು. ಒಪ್ಪಿಕೊಂಡದ್ದಕ್ಕೆ ನಾನು ಅವರಿಗೂ ತಂದಿದ್ದ ಎಳ್ಳುಂಡೆ ಕೊಟ್ಟೆ. ಅವಳು ನನ್ನನ್ನು ಅಪ್ಪಿಕೊಂಡಳು. ಸೊಸೆ ಅತ್ತೆಯನ್ನು ಅಷ್ಟು ಜನರೆದುರು ಅಪ್ಪಿಕೊಳ್ಳುವುದು ನಮ್ಮ ಕಡೆ ಪದ್ಧತಿಯಲ್ಲ. ಚೆನ್ನಾಗಿತ್ತು.

ಮಧ್ಯಾಹ್ನ ಒಂದೂವರೆಗೆ ಕಟ್ಟಡದ ಗೇಟಿಗೆ ಬಂದಾಗ ಅಲ್ಲಿ ಪೊಲೀಸ್ ಜೀಪು, ದಾಮಲೆಯವರು ಮತ್ತು ಅರ್ಧ ಸೊಸೈಟಿ ನಿಂತಿತ್ತು. ಬೆಳಿಗ್ಗೆ ನಾವು ವಿಮಾನ ಹಾಕಿಕೊಂಡು ಹೊರಟದ್ದನ್ನು ಕಂಡು ದಾಮಲೆಯವರು ದೂರು ಕೊಟ್ಟಿದ್ದರಂತೆ. ಇಪ್ಪತ್ತಾರನೇ ತಾರೀಖು ಹತ್ತಿರ ಬಂದಿದೆ, ಸಂಶಯ ಬಂದದ್ದನ್ನು ತಿಳಿಸಬೇಕೆಂಬುದು ನನಗೂ ಗೊತ್ತು. ಪೊಲೀಸರು ಬಂದದ್ದು ತಪ್ಪೆಂದು ನಾನು ಹೇಳುವುದಿಲ್ಲ, ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರ ಎಂದು ಅನಿಸಿದ್ದು ಮಾತ್ರ ನಿಜ. ಆದರೆ ದಾಮಲೆಯವರು ಅಪರ್ಣಾಳ ಕಡೆ ಬೆರಳು ತೋರಿಸಿ, ಎಲ್ಲರೂ ಕೇಳುವ ಹಾಗೆ, ಮರಾಠಿಯಲ್ಲಿ "ದಹಶತವಾದಿ" ಎಂದರು. ಅಂದರೆ ಭಯೋತ್ಪಾದಕಿ. ಅರ್ಧ ಗಂಟೆ ಮೊದಲು ಟೆಂಪೋದಲ್ಲಿ ಹಾಡು ಹೇಳುತ್ತಿದ್ದ ಹುಡುಗಿ. ಅವಳ ಮುಖದ ರಕ್ತ ಇಳಿದುಹೋಯಿತು. ಆಗ ನಾನು ದಾಮಲೆಯವರಿಗೆ ಹೇಳಿದ್ದನ್ನು ಬರೆಯಲು ಹವಾಲ್ದಾರರು ಬಿಡುತ್ತಿಲ್ಲ. ಬರೆದರೆ ಇನ್ನೊಂದು ಕೇಸಾಗುತ್ತದಂತೆ.

ವಿಮಾನವನ್ನು ಜೀಪಿನಲ್ಲಿ ತಂದರು. ನಾವು ಹಿಂದೆಯೇ ಬಂದೆವು. ಮೇಡಂ ಮೊದಲು ದಾಮಲೆಯವರ ವಿಡಿಯೋ ನೋಡಿದರು, ಬೆಂಕಿ ಕಂಡು ಹುಬ್ಬು ಗಂಟಿಕ್ಕಿದರು. ಆಮೇಲೆ ಅಭಿಜಿತ್ ತನ್ನ ಮೊಬೈಲಿನಲ್ಲಿ ಬಯಲಿನ ವಿಡಿಯೋ ಕೊಟ್ಟ. ಅದನ್ನು ಮೇಡಂ ಒಂದು ಸಲ ನೋಡಿದರು. ಇನ್ನೊಂದು ಸಲ ಹಾಕಿ ಎಂದರು. ಮೂರನೇ ಸಲ ಹಾಕಿದಾಗ ಠಾಣೆಯಲ್ಲಿದ್ದವರೆಲ್ಲ ಅವರ ಕುರ್ಚಿಯ ಹಿಂದೆ ಸೇರಿದ್ದರು, ಬಾಗಿಲು ಕಾಯುವವರೂ ಸಹ. ವಿಮಾನ ತಲೆಯ ಹತ್ತಿರ ಗರ್ಜಿಸಿ ಹೋಗುವ ಜಾಗ ಬಂದಾಗ ಹವಾಲ್ದಾರ್ ಬಿರಾಜದಾರರು, "ಏ ಶಿವನೇ, ಹೆಂಗ ಹೊಂಟೈತಿ ನೋಡ್ರಿ!" ಎಂದರು. ಇದೂ ಆಗಿದ್ದೇ, ನಾನು ಬರೆಯುತ್ತೇನೆ.

ದಾಮಲೆಯವರೂ ಹಿಂದೆ ನಿಂತು ನೋಡುತ್ತಿದ್ದರು. ಇದು ನಮ್ಮ ಕಟ್ಟಡದಲ್ಲೇ ತಯಾರಾದದ್ದೇ ಎಂದು ಕೇಳಿದರು. ಹೌದು, ಎರಡನೇ ಮಾಳಿಗೆಯಲ್ಲಿ, ನಿಮ್ಮ ತಲೆಯ ಮೇಲೆಯೇ ಎಂದೆ. ಅಪರ್ಣಾ ಗೋಡೆಯ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಜೆಟ್ಟು ಸಿಕ್ಕರೆ ಸಾಕು, ಮಾತು ಹೋಗಲಿ ಬಿಡಿ ಎಂದು ಅವಳೇ ಹೇಳಿದಳು. ಹೋಗಲಿ ಬಿಡುವ ಜಾತಿ ನನ್ನದಲ್ಲ. ಗೇಟಿನಲ್ಲಿ ಗಟ್ಟಿಯಾಗಿ ಅಂದದ್ದನ್ನು ಇಲ್ಲಿಯೂ ಗಟ್ಟಿಯಾಗಿಯೇ ವಾಪಸು ತೆಗೆದುಕೊಳ್ಳಬೇಕು ಎಂದು ದಾಮಲೆಯವರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು. ಆಮೇಲೆ ಬೆಂಚಿನ ಹತ್ತಿರ ಹೋಗಿ, "ಪೋರಿ, ಮಾಝಂ ಚುಕ್ಲಂ" ಎಂದರು. ಮಗಳೇ, ನನ್ನದು ತಪ್ಪಾಯಿತು ಎಂದು ಅರ್ಥ. ಎಲ್ಲರಿಗೂ ಕೇಳಿಸಿತು. ಸೊಸೈಟಿಯ ವಾಟ್ಸ್ಆ್ಯಪ್ ಗುಂಪಿನಲ್ಲಿಯೂ ಬರೆಯುವುದಾಗಿ ಅವರಾಗಿಯೇ ಹೇಳಿದರು, ನನ್ನೆದುರೇ ಬರೆದರು, ನಾನು ಓದಿ ನೋಡಿದೆ. ಮನುಷ್ಯ ಕೆಟ್ಟವರಲ್ಲ, ಹಗ್ಗ ನೋಡಿ ಹಾವೆಂದು ಹೆದರಿದರು ಅಷ್ಟೇ. ಆ ವಿಷಯದಲ್ಲಿ ನನ್ನ ದೂರು ಇಲ್ಲಿಗೆ ಮುಗಿಯಿತು.

ಇಷ್ಟರಲ್ಲಿ ಇಲ್ಲಿಯವರೆಗಿನ ಹಾಳೆಗಳನ್ನು ಹವಾಲ್ದಾರರು ಮೇಡಂ ಅವರಿಗೆ ಮರಾಠಿಯಲ್ಲಿ ಓದಿ ಹೇಳಿದರು. ಅಕ್ಷತೆಯ ಭಾಗ ಬಂದಾಗ ಮೇಡಂ ಬಾಯಿಗೆ ಕರವಸ್ತ್ರ ಇಟ್ಟುಕೊಂಡರು. ಕಾಗದಗಳನ್ನು ಮತ್ತೊಮ್ಮೆ ನೋಡಿ, ಅಪರಾಧವೇನೂ ಕಾಣುವುದಿಲ್ಲ, ವಸ್ತುವನ್ನು ಬಿಟ್ಟುಕೊಡಿ, ಇಪ್ಪತ್ತಾರು ಮುಗಿಯುವವರೆಗೆ ಹಾರಿಸಬೇಡಿ ಎಂದರು. ಒಪ್ಪಿದೆವು. ಹೊರಗೆ ಜನ ಸೇರಿದ್ದಾರೆ, ಗೋಣಿಚೀಲ ಹೊದೆಸಿ ಹಿಂದಿನ ಬಾಗಿಲಿನಿಂದ ಒಯ್ಯಿರಿ ಎಂದು ಒಬ್ಬ ಪೇದೆಯವರು ಒಳ್ಳೆಯ ಮನಸ್ಸಿನಿಂದಲೇ ಸಲಹೆ ಕೊಟ್ಟರು. ನಾನು ಒಪ್ಪಲಿಲ್ಲ. ಜೀಪಿಗಾಗಿ ಬಿಚ್ಚಿದ್ದ ರೆಕ್ಕೆ ಜೋಡಿಸಿ, ಮುಂದಿನ ಬಾಗಿಲಿನಿಂದ, ಮೂಗು ನಾನು ಬಾಲ ಅವಳು ಹಿಡಿದು, ಬಾಜಾರದ ರಸ್ತೆಯಲ್ಲೇ ನಡೆದುಕೊಂಡು ಮನೆಗೆ ಹೋಗುತ್ತೇವೆ. ಯಾರದ್ದು ಎಂದು ಯಾರಾದರೂ ಕೇಳಿದರೆ ಉತ್ತರ ಹೇಳಲು ನಾನಿದ್ದೇನೆ.

ಬಿಡುಗಡೆಯ ರಸೀದಿಯಲ್ಲೂ ಹವಾಲ್ದಾರರು ಅಭ್ಯಾಸಬಲದಿಂದ "ಸಂಶಯಾಸ್ಪದ ವಸ್ತು, ಒಂದು" ಎಂದು ಬರೆಯಲು ಹೊರಟಿದ್ದರು. ಹಾಗೆ ಬರೆದರೆ ನಾನು ಸಹಿ ಹಾಕುವುದಿಲ್ಲ, ರಾತ್ರಿ ಹೋಟೆಲಿಗೆ ಬೀಗ ಹಾಕಿ ಇಲ್ಲೇ ಕೂರುತ್ತೇನೆ ಎಂದೆ. "ಅಯ್ಯ ಅಕ್ಕಾರ, ನೀವ ಬರ್ಕೋರಿ ಹಂಗಾರ" ಎಂದು ಅವರು ಪೆನ್ನು ನನ್ನ ಕೈಗೇ ಕೊಟ್ಟರು. ವಸ್ತು, ಮಾಡಿದವರು, ಸ್ಥಿತಿ ಎಂದು ಮೂರು ಅಂಕಣಗಳಿವೆ. ಕೆಳಗೆ ನಾನೇ ತುಂಬಿದ್ದೇನೆ.

ಈ ಹಾಳೆಗಳಲ್ಲಿರುವುದು ನನ್ನ ಕೈಬರಹ, ನನ್ನ ಮಾತು, ನಾನು ಕಂಡದ್ದು. ಓದಿಸಿ ಕೇಳಿದೆ, ಸರಿಯಾಗಿದೆ. ಹೆಚ್ಚಾಗಿ ಒಂದು ಅಕ್ಷರವೂ ಇಲ್ಲ. ಕಡಿಮೆ ಏನಾದರೂ ಇದ್ದರೆ ಅದು ಹವಾಲ್ದಾರರು ಬೇಡವೆಂದದ್ದು. ಎಲ್ಲಿ ಕರೆದರೂ ಬಂದು ಇದನ್ನೇ ಹೇಳುತ್ತೇನೆ.

ಸ್ಥಳ: ಡೊಂಬಿವಲಿ
ದಿನಾಂಕ: 18-01-2026, ಸಂಜೆ 5.50
ಸಹಿ: ವಸಂತಿ ವಿ. ಉಪಾಧ್ಯ

ವಶಕ್ಕೆ ಪಡೆದ ವಸ್ತು: ಜೆಟ್ ವಿಮಾನ, ಒಂದು.
ಮಾಡಿದವರು: ನಮ್ಮ ಅಪರ್ಣಾ.
ಸ್ಥಿತಿ: ಹಾರುತ್ತದೆ.